ಬರುಹಾಡು

ಆ ಮನೆಯಲ್ಲಿ ಯಾರೂ ಸಿಳ್ಳೆ ಹಾಕುವಂತಿರಲಿಲ್ಲ. ಸಿಳ್ಳೆಯ ಮಾತು ಹಾಗಿರಲಿ, ಪಾತ್ರೆ ತೊಳೆಯುತ್ತ ಒಂದು ಸಾಲು ಗುನುಗುವಂತೆಯೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಸೊಸೆ ತವರಿನಿಂದ ಒಂದು ಕುಕ್ಕರ್ ತಂದಿದ್ದಳು. ಅದು ಮೊದಲನೇ ಸೀಟಿ ಹೊಡೆದದ್ದೇ ತಡ, ಹಿತ್ತಲಲ್ಲಿ ಕೂತಿದ್ದ ಮಾವ ದಡಬಡನೆ ಒಳಗೆ ಬಂದರು, ಒಲೆ ಆರಿಸಿದರು, ಒಂದು ಮಾತೂ ಆಡದೆ ಹೋಗಿ ಮತ್ತೆ ಅದೇ ಕಲ್ಲಿನ ಮೇಲೆ ಕೂತರು. ಅವರು ಎರಡೂ ಕಿವಿ ಮುಚ್ಚಿಕೊಂಡದ್ದನ್ನು ಅವಳು ಕಿಟಕಿಯಿಂದ ನೋಡಿದಳು. ಅವತ್ತು ಅಟ್ಟ ಹತ್ತಿದ ಕುಕ್ಕರ್ ಇವತ್ತಿಗೂ ಕೆಳಗಿಳಿದಿಲ್ಲ.

ಮಾವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಬೀಗದ ತಾತ. ಬಾಯಿಗೆ ಬೀಗ ಹಾಕಿಕೊಂಡವರು ಅಂತ. ಬೇಕು, ಬೇಡ, ಸಾಕು, ಹೂಂ. ಇಷ್ಟನ್ನೂ ಒಂದೇ ದಿನ ಆಡಿದರೆ ಅವತ್ತು ಭಾಷಣ ಮಾಡಿದ ಹಾಗೆ. ಸೊಸೆಯ ತಾಯಿ ತಮಾಷೆ ಮಾಡುತ್ತಿದ್ದಳು: “ಅವರು ನಮಗೆ ಎರಡು ಲೆಕ್ಕದಲ್ಲೂ ಬೀಗರು ಕಣೇ. ಮಗಳನ್ನ ಕೊಟ್ಟಿದ್ದಕ್ಕೊಂದು, ಬಾಯಿ ಬಿಡದೇ ಇರೋದಕ್ಕೊಂದು.” ಹೀಗಂದು ನಕ್ಕು, ಮರುಕ್ಷಣ ತಾನೇ ಕೆನ್ನೆ ಬಡಿದುಕೊಳ್ಳುತ್ತಿದ್ದಳು. “ಥೂ, ನಾನು ಹಾಗನ್ನಬಾರದು. ದೇವರಂಥ ಮನುಷ್ಯ.”

ಯಾಕೆ ದೇವರಂಥ ಮನುಷ್ಯ ಅನ್ನುವುದನ್ನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಕಥೆಗೆ ತಲೆಬುಡ ಸಿಗುವುದಿಲ್ಲ.

ಊರಿನ ಬದುಕೆಲ್ಲ ಒಂದು ಕಾಲಕ್ಕೆ ಕಲ್ಲುಗಣಿಯ ಮೇಲೆ ನಿಂತಿತ್ತು. ಬಂಡೆಗೆ ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಸಿಡಿಸುವ ಕೆಲಸ. ಬತ್ತಿ ಹಚ್ಚುವ ಮೊದಲು ಆಳುಗಳೆಲ್ಲ ಮರೆಗೋಡೆಯ ಹಿಂದೆ ಸೇರಬೇಕು. ಗಣಿಯ ಹಳ್ಳದಲ್ಲಿ ಮಾತು ತಿಳಿಯುವುದಿಲ್ಲ, ಕಲ್ಲಿಗೆ ಬಡಿದು ಚೂರುಚೂರಾಗುತ್ತದೆ. ರಾಗ ಮಾತ್ರ ಉಳಿಯುತ್ತದೆ. ಅದಕ್ಕೇ ಅಲ್ಲೊಬ್ಬ ಕೂಗುವವನಿದ್ದ. ಹಳ್ಳದ ಅಂಚಿನಲ್ಲಿ ನಿಂತು ಅವನು ಎರಡು ಹಾಡು ಹಾಡುತ್ತಿದ್ದ. ‘ಸರೀರಪ್ಪೋ ಸರೀರಿ’ ಅಂತ ಏರುತ್ತ ಹೋಗುವುದು ಹೋಗುಹಾಡು. ಅದು ಕಿವಿಗೆ ಬಿದ್ದರೆ ಸುತ್ತಿಗೆ ಬಿಸಾಕಿ ಮರೆಗೆ ಓಡಬೇಕು. ‘ಬನ್ನಿರಪ್ಪೋ ಬನ್ನಿ’ ಅಂತ ಇಳಿಯುತ್ತ ಬರುವುದು ಬರುಹಾಡು. ಸಿಡಿಯುವುದೆಲ್ಲ ಸಿಡಿದು ಮುಗಿಯಿತು, ಇಲ್ಲವೇ ಬತ್ತಿ ತೇವಕ್ಕೆ ನಂದಿಹೋಯಿತು, ಇನ್ನು ಭಯವಿಲ್ಲ ಎಂದು ಅರ್ಥ. ಕಣ್ಣು ನಂಬಬೇಡ, ಸದ್ದು ನಂಬಬೇಡ, ಹಾಡು ನಂಬು ಅನ್ನುವುದು ಗಣಿಗೆ ಸೇರಿದ ಪ್ರತಿಯೊಬ್ಬನಿಗೂ ಮೊದಲು ಕಲಿಸುತ್ತಿದ್ದ ಪಾಠ. ಆ ಕೂಗುವವನೇ ಈ ಮಾವ. ಬತ್ತಿ ಹಚ್ಚುತ್ತಿದ್ದವನು ಸೊಸೆಯ ಅಪ್ಪ.

ಅವಳಿನ್ನೂ ತೊಟ್ಟಿಲಲ್ಲಿದ್ದಾಗ ಒಂದು ದಿನ ಮದ್ದು ಸಿಡಿಯಿತು, ಆಳುಗಳು ಮರೆಯಲ್ಲಿರಲಿಲ್ಲ. ಹೆಣಗಳು ಸಿಕ್ಕಿದ್ದು ಬಟ್ಟಬಯಲಿನಲ್ಲಿ. ಸತ್ತವರಲ್ಲಿ ಕೂಗುವವನ ಸ್ವಂತ ತಮ್ಮನೂ ಇದ್ದ. ಮರೆ ಸೇರುವ ಮೊದಲೇ ಸಿಡಿಯಿತು ಅಂದಮೇಲೆ ಬತ್ತಿ ಗಿಡ್ಡವಾಗಿತ್ತು, ಬತ್ತಿಯವನು ಸೋಮಾರಿತನಕ್ಕೆ ಗಿಡ್ಡ ಕತ್ತರಿಸಿದ ಅಂತ ಮೇಸ್ತ್ರಿ ತೀರ್ಮಾನ ಕೊಟ್ಟ, ಊರು ಹೂಂಗುಟ್ಟಿತು. ಅಪ್ಪ ಹೇಳಿದ್ದೇ ಬೇರೆ. “ಎಲ್ಲ ಮರೆ ಸೇರಿದ್ರು. ನನ್ನ ಬತ್ತಿ ಉದ್ದ ಇತ್ತು. ಬರುಹಾಡು ಕೇಳಿಸ್ತು, ಅದಕ್ಕೇ ಎದ್ದು ಬಂದ್ರು. ಆಚೆ ಬಂಡೆ ಮರೆಯಿಂದ ಬರಬೇಡ್ರೋ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ.” ಹೌದೆನ್ನಲು ಯಾರೂ ಉಳಿದಿರಲಿಲ್ಲ. ಮೇಲಿನ ಅಂಗಳದಲ್ಲಿ ಕಲ್ಲು ಕೆತ್ತುವವರು ಮೇಸ್ತ್ರಿಯ ಜೊತೆ ಗುಡ್ಡದ ಆಚೆಗೆ ಹೋಗಿದ್ದರು, ಅವರಿಗೆ ಏನೂ ಕೇಳಿಸಿರಲಿಲ್ಲ. ಮೇಸ್ತ್ರಿ ಕೂಗುವವನನ್ನೇ ಕರೆಸಿ ಕೇಳಿದ: “ಬರುಹಾಡು ಹಾಡಿದ್ಯೇನೋ?” ಕೂಗುವವನು ಇಲ್ಲವೆಂದು ತಲೆಯಾಡಿಸಿದ. ಒಡಹುಟ್ಟಿದವನನ್ನು ಕಳೆದುಕೊಂಡವನು ಸುಳ್ಳು ಹೇಳುತ್ತಾನೆಯೇ? ಮೇಸ್ತ್ರಿ ಎಲ್ಲರೆದುರು ಅಪ್ಪನ ಕಪಾಳಕ್ಕೆ ಬಾರಿಸಿದ.

ಆಮೇಲೆ ಅಪ್ಪನಿಗೆ ಊರಲ್ಲಿ ಕೆಲಸ ಹುಟ್ಟಲಿಲ್ಲ. ಮಗಳಿಗೆ ಏಳೆಂಟು ವರ್ಷವಾಗುವ ಹೊತ್ತಿಗೆ ಹಾಸಿಗೆ ಹಿಡಿದು, ಜ್ವರದಲ್ಲಿ ಕನವರಿಸುತ್ತ ಆ ಹಾಡು ಗುನುಗುತ್ತಿದ್ದ. ಎಲ್ಲಿ ತಗ್ಗಬೇಕು, ಎಲ್ಲಿ ಎಳೆಯಬೇಕು ಎಲ್ಲ ಗುನುಗಿ, ಮಗಳ ಮುಂಗೈ ಹಿಡಿದು ಹೇಳುತ್ತಿದ್ದ: “ಹೀಗೆ ಕಣಮ್ಮಾ. ಹೀಗೇ ಕೇಳಿಸ್ತು. ನೀನಾದ್ರೂ ನಂಬು.” ನಂಬುತ್ತೇನೆ ಅಂತ ಅವಳು ಅಂದಳು. ಅಪ್ಪ ಕಣ್ಣು ಮುಚ್ಚಿದ. ನಿಜ ಹೇಳಬೇಕೆಂದರೆ, ಅವಳೂ ಪೂರ್ತಿ ನಂಬಿರಲಿಲ್ಲ.

ಊರು ಅವಳಿಗೆ ಗಿಡ್ಡಬತ್ತಿ ಮಗಳು ಅಂತ ಹೆಸರಿಟ್ಟಿತು, ಬಾಯಿಗೆ ಸುಲಭವಾಗಲಿ ಅಂತ ಬರೀ ಬತ್ತಿ ಅಂದಿತು. ಮೇಸ್ತ್ರಿಯಂತೂ ಅಂಗಡಿ ಕಟ್ಟೆಯ ಮೇಲೆ ಕೂತು, ಅವಳು ಹಾದುಹೋದಾಗಲೆಲ್ಲ ಕೇಳುತ್ತಿದ್ದ: “ಏನಮ್ಮಾ, ಉದ್ದವೋ ಗಿಡ್ಡವೋ?” ಕಟ್ಟೆಯವರೆಲ್ಲ ನಗುತ್ತಿದ್ದರು. ಅಂಥ ಮನೆಯ ಹೆಣ್ಣನ್ನು ಯಾರು ತಂದುಕೊಳ್ಳುತ್ತಾರೆ? ತಂದುಕೊಂಡವರು ಇದೇ ಕೂಗುವವರು. ತಾವೇ ಬಂದು, ಬಾಗಿಲಲ್ಲಿ ನಿಂತು, “ನನ್ನ ಮಗನಿಗೆ ಕೊಡಿ” ಅಂದರು. ತಮ್ಮನನ್ನು ಕೊಂದವನ ಮಗಳನ್ನು ಸೊಸೆ ಮಾಡಿಕೊಂಡ ಮಹಾನುಭಾವ ಅಂತ ಊರು ಮೂಗಿನ ಮೇಲೆ ಬೆರಳಿಟ್ಟಿತು. ಅವಳ ತಾಯಿ ಅವರ ಕಾಲು ಹಿಡಿದುಕೊಂಡು ಅತ್ತಿದ್ದಳು.

ಆ ಮನೆಯಲ್ಲಿ ಸತ್ತ ತಮ್ಮನ ಹೆಂಡತಿಯೂ ಇದ್ದಳು, ಚಿಕ್ಕತ್ತೆ. ಆಕೆ ಮಾತ್ರ ಸೊಸೆಯ ಕೈಯಿಂದ ಒಂದು ಲೋಟ ನೀರನ್ನೂ ಮುಟ್ಟಿದವಳಲ್ಲ. ತನ್ನ ಒಲೆ ಬೇರೆ, ತನ್ನ ಬಿಂದಿಗೆ ಬೇರೆ. “ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಕಣೇ,” ಅಂತ ಒಂದು ಸಲ ನೇರವಾಗಿಯೇ ಹೇಳಿದ್ದಳು. “ಆದ್ರೆ ಗಂಟಲಲ್ಲಿ ಇಳಿಯಲ್ಲ. ನಾನೇನು ಮಾಡ್ಲಿ?”

ಸೊಸೆ ಕೆಲಸ ಮಾಡುತ್ತಿದ್ದುದು ಬಸ್ ನಿಲ್ದಾಣದ ಪಕ್ಕದ ಹೋಟೆಲಿನ ಲಾಂಡ್ರಿಯಲ್ಲಿ. ನೆಲಮಾಳಿಗೆಯ ಕೋಣೆ, ಮೂರು ಇಸ್ತ್ರಿ ಮೇಜು, ಯಾವಾಗಲೂ ಆವಿ. ಅಲ್ಲಿಯ ಹೆಂಗಸರಿಗೂ ಅವಳು ಬತ್ತಿಯೇ. “ಹುಷಾರು ಕಣ್ರೇ, ಮ್ಯಾನೇಜರ್ ಹತ್ರ ಯಾರಿಗೆ ಬತ್ತಿ ಇಟ್ಟು ಬಂದಿದ್ದಾಳೋ!” ಅಂತ ಕೀಟಲೆ ಮಾಡುತ್ತಿದ್ದರು. ಇವಳೂ ಬಿಡುತ್ತಿರಲಿಲ್ಲ. “ನಿಮಗೆ ಬತ್ತಿ ಬೇರೆ ಇಡಬೇಕಾ? ನಾಲಿಗೇನೇ ಸಾಕು, ತಾನೇ ಹತ್ಕೊಳ್ಳುತ್ತೆ.” ನಗು ಎದ್ದು ಇಸ್ತ್ರಿಯ ಬುಸುಗುಟ್ಟುವಿಕೆಯಲ್ಲಿ ಮುಳುಗಿಹೋಗುತ್ತಿತ್ತು.

ಒಂದು ಮಧ್ಯಾಹ್ನ ಮೇಲಿನ ಅಂತಸ್ತಿನ ಕೋಣೆಗೆ ಇಸ್ತ್ರಿ ಮಾಡಿದ ಬಟ್ಟೆ ಕೊಡಲು ಹೋದಳು. ಆ ಕೋಣೆಯಲ್ಲಿ ಬಹಳ ದೂರದ ದೇಶದಿಂದ ಬಂದ ಒಬ್ಬ ಹೆಂಗಸಿದ್ದಳು, ಜೊತೆಗೆ ವಾಚಾಳಿ ದುಭಾಷಿ ಒಬ್ಬ. ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಹಾಡು ಬರುತ್ತಿತ್ತು.

ಬನ್ನಿರಪ್ಪೋ ಬನ್ನಿ.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ಗುನುಗಿದ ಕಡೆಯೇ ತಗ್ಗಿತು, ಎಳೆದ ಕಡೆಯೇ ಎಳೆಯಿತು. ಅಂಥ ದನಿಯನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಕೇಳಿದರೆ ಯಾರಾದರೂ ಎದ್ದು ಬಂದೇಬಿಡಬೇಕು, ಹಾಗಿತ್ತು. ಹಾಡು ಕೊನೆಗೆ ಬರುತ್ತಿದ್ದ ಹಾಗೆ ದೂರದಿಂದ ಇನ್ನೊಂದು ದನಿ ಎದ್ದಿತು, ಒಡಕು ದನಿ, ಮೇಲಿಂದ ಮೇಲೆ: ಬರಬೇಡ್ರೋ, ಬರಬೇಡ್ರೋ. ಆಮೇಲೆ ಧಡ್ ಎಂದು ಒಂದೇ ಸದ್ದು. ಆಮೇಲೆ ಏನೂ ಇಲ್ಲ.

ಬಟ್ಟೆಯ ಗಂಟು ನೆಲಕ್ಕೆ ಬಿತ್ತು. ಇಪ್ಪತ್ತು ವರ್ಷದ ಹಿಂದೆ ಮಣ್ಣಾದ ಅಪ್ಪ ಆ ಕೋಣೆಯೊಳಗಿಂದ ಕೂಗಿದ್ದ.

“ಅಯ್ಯೋ, ಬನ್ನಿ ಬನ್ನಿ, ಒಳಗಿಡಿ,” ಅಂದ ದುಭಾಷಿ. ಅವಳ ಮುಖ ನೋಡಿ ಉತ್ಸಾಹ ಇನ್ನೂ ಏರಿತು. “ಚೆನ್ನಾಗಿದೆ ಅಲ್ವಾ? ಇವರ ದೇಶದಲ್ಲಿ ಇದು ಮನೆಮನೆ ಮಾತು. ಮಕ್ಕಳನ್ನ ಮಲಗಿಸೋಕೆ ಇದೇ ಬೇಕು. ಯಾರೋ ಒಬ್ಬ ದೇಶ ಸುತ್ತಿ ಹಾಡು ಹಿಡ್ಕೊಂಡು ಹೋದವನು, ಜೀವ ಇರೋವರೆಗೂ ಈ ಟೇಪು ಯಾರಿಗೂ ಕೇಳಿಸ್ಲಿಲ್ವಂತೆ. ಅವನು ಸತ್ತ ಮೇಲೆ ಅವನ ಟ್ರಂಕಲ್ಲಿ ಸಿಕ್ತು. ಎಲ್ಲಿ ಹಿಡಿದಿದ್ದು, ಯಾರು ಹಾಡಿದ್ದು, ಒಂದೂ ಗೊತ್ತಿಲ್ಲ, ಟೇಪಿನ ಮೇಲೆ ‘ಕಲ್ಲುಗಣಿ’ ಅಂತ ಒಂದು ಪದ ಮಾತ್ರ. ಹಾಡಿದವರನ್ನ ಹುಡುಕ್ಕೊಂಡು ಗಣಿ ಇರೋ ಊರೆಲ್ಲ ತಿರುಗ್ತಿದ್ದೀವಿ.”

“ಆ ಕೊನೇದು?” ಬಿದ್ದ ಬಟ್ಟೆ ಎತ್ತಿಕೊಳ್ಳುತ್ತ ಅವಳು ಕೇಳಿದಳು.

“ಹಿಮ್ಮೇಳನಾ? ಅದು ಏನು ಅಂತಾನೋ ನನಗೂ ಸ್ಪಷ್ಟ ಇಲ್ಲ. ಆಮೇಲೆ ಒಂದು ಡೋಲು. ಒಂದೇ ಏಟು! ಇವರ ಕಡೆ ಪಂಡಿತರೆಲ್ಲ ಆ ಒಂದು ಏಟಿನ ಮೇಲೇ ಬರೆದಿದ್ದೇ ಬರೆದಿದ್ದು. ಮಕ್ಕಳು ಬೆಚ್ಚಿಬೀಳ್ತವೆ ಅಂತ ಅದನ್ನ ಕತ್ತರಿಸಿ ಒಂದು ಗಿಡ್ಡದ್ದೂ ಮಾಡಿದ್ದಾರೆ. ಜನ ಹೆಚ್ಚು ಕೇಳೋದು ಗಿಡ್ಡದ್ದೇ.”

ಪರದೇಶದ ಹೆಂಗಸು ಅವಳ ಕಡೆ ನೋಡಿ ನಕ್ಕಳು, ಎದೆಯ ಮೇಲೆ ಕೈಯಿಟ್ಟು ತನ್ನ ಭಾಷೆಯಲ್ಲಿ ಏನೋ ಅಂದಳು. ಒಳ್ಳೆಯ ಮುಖ. ಆ ಒಳ್ಳೆಯ ಮುಖವನ್ನು ನೋಡಲಾರದೆ ಅವಳು ಮೆಟ್ಟಿಲಿಳಿದು ಓಡಿದಳು.

ಮಾವ ಹಿತ್ತಲಲ್ಲಿದ್ದರು. ಸಂಜೆಯ ಚಹಾ ತಂದಿಟ್ಟು ಅವಳು ಹೋಗಲಿಲ್ಲ. ಎದುರಿಗೇ ಕೂತಳು.

“ನಿಮ್ಮನ್ನ ಹುಡ್ಕೊಂಡು ಬಂದಿದ್ದಾರೆ ಮಾವ. ದೂರದ ದೇಶದಿಂದ. ನಿಮ್ಮ ಹಾಡು ಅಲ್ಲಿ ಮನೆಮನೇಲಿ ಹಾಡ್ತಾರಂತೆ. ಬರುಹಾಡು.”

ಲೋಟ ಹಿಡಿದ ಕೈ ಅರ್ಧಕ್ಕೇ ನಿಂತಿತು. ಮುದುಕರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಎಂದೋ ಬರಬೇಕಾಗಿದ್ದವನು ಕೊನೆಗೂ ಬಾಗಿಲು ತಟ್ಟಿದ ಹಾಗೆ ಕಣ್ಣು ಮುಚ್ಚಿಕೊಂಡರು.

“ಆ ದನಿ ಹಿಡಿಯೋ ಪೆಟ್ಟಿಗೆ ಇನ್ನೂ ಇದೆಯಾ?” ಅಂದರು.

ಅಷ್ಟೇ ಸಾಕಾಯಿತು ಅವಳಿಗೆ. ಅಪ್ಪ ಹೇಳಿದ್ದೆಲ್ಲ ನಿಜ ಎಂದು ಈ ಒಂದು ಮಾತಿನಲ್ಲಿ ತಿಳಿದುಹೋಯಿತು. ಸಿಟ್ಟೂ ಬಂದಿತು, ಅಳುವೂ ಬಂದಿತು, ಎರಡನ್ನೂ ನುಂಗಿ ಕೂತಳು. ಬೀಗ ಕಳಚಿತ್ತು. ಮಾವ ಅಷ್ಟು ಮಾತಾಡಿದ್ದನ್ನು ಅವಳು ಅದೇ ಮೊದಲು ಕೇಳಿದ್ದು.

“ಅವತ್ತು ಮೇಸ್ತ್ರಿ ಗುಡ್ಡದಾಚೆ ಇದ್ದಾಗ ಒಬ್ಬ ಬಂದಿದ್ದ. ಹೆಗಲಿಗೆ ಪೆಟ್ಟಿಗೆ. ಬರುಹಾಡು ಬೇಕು ಅಂದ. ಹಾಡಿದೆ. ಸುತ್ತಿಗೆ ಸದ್ದು ಸೇರ್ಕೊಳ್ಳುತ್ತೆ, ಸರಿಯಿಲ್ಲ ಅಂದ. ಇನ್ನೊಂದು ಸಲ ಹಾಡಿದೆ. ಮತ್ತೂ ಅದೇ ರಗಳೆ. ಗಣೀಲಿ ಸುತ್ತಿಗೆ ನಿಲ್ಲೋದು ಯಾವಾಗ ಹೇಳು? ಬತ್ತಿ ಹಚ್ಚಿದ ಮೇಲೆ. ಆಗ ಒಂದು ನೊಣ ಹಾರಿದ್ರೂ ಕೇಳಿಸುತ್ತೆ. ಈಗ ಹಾಡು, ಈಗ ಹಾಡು ಅಂತ ಕೈಸನ್ನೆ ಮಾಡ್ದ.”

“ಮಾವ, ನಿಮಗೆ ಗೊತ್ತಿತ್ತಲ್ಲ!”

“ಗೊತ್ತಿತ್ತು. ಮೆಲ್ಲಗೆ ಹಾಡ್ತೀನಿ, ಪೆಟ್ಟಿಗೆಗೆ ಮಾತ್ರ ಕೇಳಿಸೋ ಹಾಗೆ ಅಂದ್ಕೊಂಡೆ. ಆದ್ರೆ ಆ ಮೌನದಲ್ಲಿ ನನ್ನ ದನಿ ನನಗೇ ಅಷ್ಟು ಚೆನ್ನಾಗಿ ಯಾವತ್ತೂ ಕೇಳಿರಲಿಲ್ಲ. ಕಣ್ಣು ಮುಚ್ಚಿದೆ. ದನಿ ಬಿಟ್ಟೆ. ಪೂರ್ತಿ ಬಿಟ್ಟೆ. ಗಾಳಿ ಹಳ್ಳದ ಕಡೆಗಿತ್ತು.” ಅವರು ಲೋಟವನ್ನು ಕಲ್ಲಿನ ಮೇಲಿಟ್ಟರು. “ಕಣ್ಣು ಬಿಡೋ ಹೊತ್ತಿಗೆ ಪೆಟ್ಟಿಗೆಯವನು ಓಡ್ತಿದ್ದ.”

“ನಮ್ಮಪ್ಪ ಕೂಗಿದ್ದು?”

ಗೋಡೆಯಾಚೆ ಯಾರದೋ ಮಗು ಅತ್ತು ಸುಮ್ಮನಾಯಿತು.

“ಕೇಳಿಸ್ತು,” ಅಂದರು. “ನಿಲ್ಲಿಸಿದ್ರೆ ಹಾಡು ಕೆಡುತ್ತಲ್ಲ ಅನ್ನಿಸ್ತು. ಒಂದೇ ಒಂದು ಗಳಿಗೆ ಅನ್ನಿಸ್ತಮ್ಮಾ.”

ಅವಳು ಎದ್ದು ನಿಂತಳು. ಅವರ ಮುಂದೆ ಇನ್ನು ಕೂರಲು ಮೈ ಒಪ್ಪಲಿಲ್ಲ.

“ನಾನು ಕಣ್ಣು ಮುಚ್ಚಿದ ಮೇಲೆ ಹೇಳು,” ಅಂದರು ಮಾವ ತಲೆಯೆತ್ತದೆ. “ಜಾಸ್ತಿ ದಿನ ಇಲ್ಲ. ಅಲ್ಲಿವರೆಗೆ ತಡ್ಕೋ.”

“ನಮ್ಮಪ್ಪ ಕಣ್ಣು ಮುಚ್ಚೋವರೆಗೂ ನೀವು ತಡ್ಕೊಂಡ್ರಲ್ಲ ಮಾವ,” ಅಂದಳು. ಅಂದಮೇಲೆ ತನ್ನ ದನಿ ಕೇಳಿ ತಾನೇ ಹೆದರಿದಳು.

ಅವಳು ಯಾರಿಗೂ ಹೇಳಲಿಲ್ಲ. ಆ ಹಾಡು ಯಾರದು ಅಂತ ಹೇಳುವ ಅಗತ್ಯವೂ ಬೀಳಲಿಲ್ಲ. ದುಭಾಷಿಯ ಬಾಯಿ ಸುಮ್ಮನಿರುವ ಬಾಯಿಯೇ? ಅಂಗಡಿ ಕಟ್ಟೆಯ ಮುಂದೆ ಆ ಗಿಡ್ಡದ್ದನ್ನು ಹಾಕಿ ಕೇಳಿಸಿದ. ಮೇಸ್ತ್ರಿ ಕೋಲೂರಿಕೊಂಡು ಎದ್ದೇ ನಿಂತ. “ಇದು ಬರುಹಾಡು ಕಣ್ರಯ್ಯಾ! ನಮ್ಮ ಬೀಗದ ತಾತ!” ಅಷ್ಟೇ. ಬೆಳಗಾಗುವುದರೊಳಗೆ ಊರಿನ ಬಾಯಲ್ಲೆಲ್ಲ ಅದೇ. ನೆರೆಯವರು, ಊರಿನ ಪುಢಾರಿಗಳು, ಯಾವತ್ತೂ ಹೊಸ್ತಿಲು ತುಳಿಯದವರು, ಎಲ್ಲರೂ ಬಂದು ಮಾವನ ಕೈ ಕುಲುಕಿದರು. ಹಿತ್ತಲ ಗಿಡದಲ್ಲಿ ಇಷ್ಟು ದಿನ ಮದ್ದಿದ್ದರೂ ಕಾಣಲಿಲ್ಲವಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಮದ್ದು ಅನ್ನುವ ಮಾತು ಕೇಳಿ ಸೊಸೆ ಒಳಗೆ ಹೋಗಿಬಿಟ್ಟಳು.

ಪರದೇಶದ ಹೆಂಗಸು ಮಾವನ ಎರಡೂ ಕೈ ಹಿಡಿದು ಅತ್ತುಬಿಟ್ಟಳು. ಗಣಿಯ ಬಾಯಿಯ ಪಕ್ಕದ ಬಯಲಿನಲ್ಲೇ ಸನ್ಮಾನವಾಗಬೇಕು, ಹಾಡು ಹುಟ್ಟಿದ ಜಾಗದಲ್ಲೇ ಹಾಡು ಕೇಳಬೇಕು ಅಂತ ಅವಳ ಆಸೆ. ಮೇಸ್ತ್ರಿಯೇ ಮುಂದೆ ನಿಂತು ಶಾಮಿಯಾನ ಹಾಕಿಸಿದ. ಮಾವ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಬೀಗ ಮತ್ತೆ ಬಿದ್ದಿತ್ತು. ಊಟ ಮಾತ್ರ ದಿನದಿನಕ್ಕೂ ಕಡಿಮೆಯಾಯಿತು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮೃದು ಮನುಷ್ಯ. ಅಪ್ಪನಿಗೆ ಹೊಸ ಅಂಗಿ ತಂದು, ಅದನ್ನು ಹಿಡಿದು ಮನೆಯೆಲ್ಲ ಓಡಾಡಿದ. ಸನ್ಮಾನದ ಬೆಳಿಗ್ಗೆ ಆ ಅಂಗಿಗೆ ಇಸ್ತ್ರಿ ಹಾಕುತ್ತ ಅವಳು ಅವನಿಗೆ ಎಲ್ಲ ಹೇಳಿದಳು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ನಂಬುವುದಿಲ್ಲ ಅನ್ನಲಿಲ್ಲ. ಸಿಳ್ಳೆಯಿಲ್ಲದ ಮನೆಯಲ್ಲಿ ಬೆಳೆದವನು ಅವನು.

“ಗಿಡ್ಡದ್ದೇ ಹಾಕಿಸು,” ಅಂದ ಕೊನೆಗೆ. ದನಿ ಬೇಡುವ ಹಾಗಿತ್ತು. “ಸತ್ತೋರು ಎದ್ದು ಬರ್ತಾರಾ? ಅಪ್ಪ ಹಣ್ಣಾಗಿದ್ದಾರೆ. ಚಿಕ್ಕಮ್ಮ ಆ ಸದ್ದು ಕೇಳಿದ್ರೆ ಅಲ್ಲೇ ಎದೆ ಒಡ್ಕೊಂಡು ಸಾಯ್ತಾಳೆ. ನಮ್ಮ ಮನೆ ಉಳಿಯುತ್ತೇನೇ?”

“ಹಾಗಾದ್ರೆ ನಮ್ಮಪ್ಪ?”

“ನಿಂಗೆ ಗೊತ್ತಲ್ಲ,” ಅಂದ. “ನಂಗೆ ಗೊತ್ತು. ಇಬ್ಬರಿಗೆ ಗೊತ್ತಿದ್ರೆ ಸಾಲಲ್ವಾ?”

ಸಾಲಬಹುದೇನೋ ಅಂತ ಅವಳಿಗೂ ಒಂದು ಕ್ಷಣ ಅನ್ನಿಸಿತು. ಗಂಡನನ್ನು ಕಂಡರೆ ಅವಳಿಗೆ ಪ್ರೀತಿ. ಈ ಮನೆ ಬಿಟ್ಟರೆ ಅವಳಿಗೆ ಬೇರೆ ಮನೆಯೂ ಇಲ್ಲ. ಅಂಗಿಯ ಕಾಲರು ಮಡಿಸಿ, ಬಿಸಿ ಆರುವ ಮೊದಲೇ ಮಾವನ ಕೈಗೆ ಕೊಟ್ಟಳು.

ಸಂಜೆಗೆ ಬಯಲು ತುಂಬಿತು. ವೇದಿಕೆಯ ಹಿಂದೆ ಗಣಿಯ ಹಳ್ಳ, ಅದರಲ್ಲಿ ವರ್ಷಗಳಿಂದ ನಿಂತ ಕಪ್ಪು ನೀರು. ಆ ನೀರಿನ ಕಡೆ ಬೆನ್ನು ಮಾಡಿ ಮಾವನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಮುಂದಿನ ಸಾಲಿನಲ್ಲಿ ಹಳೇ ಗಣಿಯ ಮುದುಕರು, ಗಂಡ ಕಳೆದುಕೊಂಡ ಮುದುಕಿಯರು. ಚಿಕ್ಕತ್ತೆ ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಸೊಸೆ ನೀರಿನ ಬಾಟಲಿ ಹಿಡಿದು ವೇದಿಕೆಯ ಬದಿಗೆ, ದುಭಾಷಿಯ ಸೌಂಡ್ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದಳು. ಇನ್ನೊಂದು ಬದಿಯಲ್ಲಿ ಗಂಡ ನಿಂತು ಅವಳನ್ನೇ ನೋಡುತ್ತಿದ್ದ. ಗಾಳಿ ಅಲ್ಲಾಡುತ್ತಿರಲಿಲ್ಲ.

ಮೇಸ್ತ್ರಿ ಮೈಕ್ ಹಿಡಿದ. ಮೈಕ್ ಸಿಕ್ಕಿದ ಮೇಲೆ ಕೇಳಬೇಕೆ?

“ಇಂಥ ಹಾಡುಗಾರರು ಯಾಕೆ ಬಾಯಿ ಮುಚ್ಚಿಕೊಂಡರು ಅಂತ ಪರದೇಶದ ತಾಯಿ ಕೇಳಿದ್ರು. ಹೇಳ್ತೀನಿ. ಒಬ್ಬ ಅವಿವೇಕಿ, ಹೆಸರು ಹೇಳಿ ಬಾಯಿ ಹೊಲಸು ಮಾಡ್ಕೊಳ್ಳಲ್ಲ, ಸೋಮಾರಿತನಕ್ಕೆ ಗಿಡ್ಡ ಬತ್ತಿ ಇಟ್ಟ. ಅಷ್ಟು ಜನ ಸತ್ರು. ಇವರ ಒಡಹುಟ್ಟಿದ ತಮ್ಮ ಸತ್ತ. ಅವತ್ತೇ ಇವರು ಹಾಡು ಬಿಟ್ರು. ಆದ್ರೂ ಏನು ಮಾಡಿದ್ರು? ಅದೇ ಪಾಪಿಯ ಮಗಳನ್ನ ಮನೆ ತುಂಬಿಸ್ಕೊಂಡ್ರು! ಅಲ್ಲಿ ನಿಂತಿದ್ದಾಳೆ ನೋಡಿ.”

ಎಲ್ಲರೂ ಅವಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವಳು ಮಾವನನ್ನು ನೋಡಿದಳು. ಈಗಲಾದರೂ ಒಂದು ಮಾತು, ಅಲ್ಲ ಅನ್ನುವ ಒಂದೇ ಮಾತು. ಸನ್ಮಾನದ ಶಾಲಿನೊಳಗೆ ಕುಗ್ಗಿ ಕೂತ ಮುದುಕರು ನೆಲ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು, ಚಪ್ಪಾಳೆಯ ನಡುವೆ ತಲೆ ತಗ್ಗಿಸಿದ್ದಳು.

ದುಭಾಷಿ ಅವಳ ಕಡೆ ಬಾಗಿ ಪಿಸುಗುಟ್ಟಿದ. “ಮನೆಯವರು ನೀವು, ನೀವೇ ಹೇಳಿ. ಯಾವುದು ಹಾಕ್ಲಿ? ಗಿಡ್ಡದ್ದೋ, ಉದ್ದದ್ದೋ?”

ಹುಟ್ಟಿದಾಗಿನಿಂದ ಊರು ಅವಳನ್ನು ಕೇಳುತ್ತಿದ್ದ ಪ್ರಶ್ನೆ ಅದೇ. ಇಷ್ಟು ವರ್ಷ ಅವಳು ತಲೆ ತಗ್ಗಿಸಿ ಹೋಗಿದ್ದಳು. ಆಚೆ ಬದಿಯಿಂದ ಗಂಡ ಬೇಡ ಎನ್ನುವಂತೆ ತಲೆಯಾಡಿಸಿದ.

“ಉದ್ದದ್ದು,” ಅಂದಳು. “ಪೂರ್ತಿ ಹಾಕಿ. ಜೋರಾಗಿ.”

ಬನ್ನಿರಪ್ಪೋ ಬನ್ನಿ. ಹಾಡು ಬಯಲಿಗೆ ಹರಡಿತು, ಹಿಂದಿನ ಹಳ್ಳಕ್ಕೆ ಇಳಿಯಿತು, ಕಪ್ಪು ನೀರಿನ ಮೇಲಿಂದ ಮರಳಿ ಬಂತು. ಮುದುಕರ ಮುಖ ಬಿಚ್ಚಿಕೊಂಡಿತು. ಒಬ್ಬ ಗಣಿಯ ಮುದುಕ ತನಗೆ ಗೊತ್ತಿಲ್ಲದೆಯೇ ಕುರ್ಚಿಯಿಂದ ಅರ್ಧ ಎದ್ದ. ಪರದೇಶದ ಹೆಂಗಸು ಕಣ್ಣು ಮುಚ್ಚಿ ತೂಗುತ್ತಿದ್ದಳು. ಚಿಕ್ಕತ್ತೆಯ ತುಟಿ ಹಾಡಿನ ಜೊತೆ ಅಲುಗುತ್ತಿತ್ತು.

ಆಮೇಲೆ ಆ ದನಿ ಬಂದಿತು.

ಬರಬೇಡ್ರೋ. ಬರಬೇಡ್ರೋ.

ಮೇಸ್ತ್ರಿಯ ಕೋಲು ಕೈಜಾರಿ ಬಿತ್ತು. ಆ ಒಡಕು ದನಿಯನ್ನು ಗುರುತು ಹಿಡಿಯದವರು ಆ ಮುಂದಿನ ಸಾಲಿನಲ್ಲಿ ಯಾರೂ ಇರಲಿಲ್ಲ. ಹಾಡು ನಿಲ್ಲಲಿಲ್ಲ. ಆ ಕೂಗಿನ ಮೇಲೆಯೇ ಇನ್ನೂ ಸಿಹಿಯಾಗಿ, ಇನ್ನೂ ಉದ್ದಕ್ಕೆ ಎಳೆಯಿತು. ನಿಲ್ಲಿಸೋ, ನಿಲ್ಲಿಸೋ ಅಂತ ಹಳೆಯ ಆಳೊಬ್ಬ ಚೀರಿದ, ಈಗ ನಿಲ್ಲಿಸಿದರೆ ಅವರೆಲ್ಲ ಬದುಕಿಬಿಡುತ್ತಾರೆ ಎಂಬಂತೆ. ಧಡ್ ಎಂದಿತು. ಮುಂದಿನ ಸಾಲು ಪೂರ್ತಿ ತಲೆಯ ಮೇಲೆ ಕೈ ಹೊತ್ತು ಬಗ್ಗಿತು.

ಹಿಂದೆ ಕೂತಿದ್ದ ಊರಿನ ಹುಡುಗರು ಏನೂ ತಿಳಿಯದೆ 'ಆಹಾ' ಅಂದರು. ಪರದೇಶದ ಹೆಂಗಸು ಚಪ್ಪಾಳೆ ತಟ್ಟಿದಳು. ಅವಳ ಚಪ್ಪಾಳೆ ಒಂದೇ, ಬಹಳ ಹೊತ್ತು ಕೇಳಿಸಿತು.

ನಿಧಾನಕ್ಕೆ ತಲೆಗಳು ಎದ್ದವು. ಯಾರೂ ಸೊಸೆಯನ್ನು ನೋಡಲಿಲ್ಲ. ಎಲ್ಲರೂ ಮಾವನನ್ನೇ ನೋಡುತ್ತಿದ್ದರು. ದುಭಾಷಿಗೆ ಏನೂ ಅರ್ಥವಾಗದೆ, ಕಾರ್ಯಕ್ರಮ ಕೆಡಬಾರದೆಂದು ಮೈಕ್ ತೆಗೆದುಕೊಂಡು ಹೋಗಿ ಮಾವನ ಬಾಯಿಗೆ ಹಿಡಿದ. “ತಾತ, ಒಂದೇ ಒಂದು ಸಲ ಹಾಡಿಬಿಡಿ.”

ಮಾವ ಎದ್ದು ನಿಂತರು. ಶಾಲು ಜಾರಿತು. ಬಾಯಿ ತೆರೆದಾಗ ಮೊದಲು ಗೊರಗೊರ ಸದ್ದು ಮಾತ್ರ ಬಂದಿತು. ಆಮೇಲೆ ದನಿ ಹತ್ತಿತು, ಹರಿದ ದನಿ, ಆದರೂ ಏರಿತು. ಸರೀರಪ್ಪೋ ಸರೀರಿ.

ಹೋಗುಹಾಡು.

ಮೊದಲು ಎದ್ದವನು ಮೇಸ್ತ್ರಿ. ಕೋಲನ್ನು ಎತ್ತಿಕೊಳ್ಳದೆಯೇ, ಕುರ್ಚಿಗಳನ್ನು ಹಿಡಿದುಹಿಡಿದು ನಡೆದ. ಸೊಸೆಯ ಮುಂದೆ ಹಾಯುವಾಗ ನಿಂತ, ಈ ಸಲ ತಾನೇ ತಲೆ ತಗ್ಗಿಸಿ ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಮುದುಕರು ಎದ್ದರು, ಹೆಂಗಸರು ಎದ್ದರು, ಬೆನ್ನು ಹಾಕಿ ಬಯಲು ದಾಟಿದರು. ಹೆಸರು ಹಿಡಿದು ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಅವರ ಜೀವಮಾನದ ಅಭ್ಯಾಸ ಅದು, ಆ ಹಾಡು ಕೇಳಿದರೆ ಹೋಗಬೇಕು. ಹಿರಿಯರು ಹೋದದ್ದನ್ನು ನೋಡಿ ಉಳಿದವರೂ ಹೋದರು. ಗಂಡ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಕೂತಿದ್ದ. ಸೊಸೆಯ ತಾಯಿ ಹಿಂದಿನ ಸಾಲಿನಲ್ಲಿ ತಲೆ ನೆಟ್ಟಗೆ ಮಾಡಿ ಕೂತಿದ್ದಳು, ಕಣ್ಣೀರು ಒರೆಸಿಕೊಳ್ಳದೆ. ಅವಳ ಹತ್ತಿರ ಓಡಬೇಕೆಂದು ಸೊಸೆಗೆ ಅನ್ನಿಸಿತು, ಆದರೂ ನಿಂತಲ್ಲೇ ನಿಂತಳು. ಅಪ್ಪ ಗೆದ್ದ ಅನ್ನಿಸಲಿಲ್ಲ. ಅಪ್ಪ ಇವತ್ತೇ ಸತ್ತ ಹಾಗಿತ್ತು.

ಖಾಲಿ ಕುರ್ಚಿಗಳ ಮುಂದಿನ ಸಾಲಿನಲ್ಲಿ ಒಬ್ಬಳು ಮಾತ್ರ ಎದ್ದಿರಲಿಲ್ಲ. ಚಿಕ್ಕತ್ತೆ ವೇದಿಕೆಯ ಕಡೆಯಿಂದ ಮುಖ ತಿರುಗಿಸಿ, ಬಹಳ ಹೊತ್ತು ಸೊಸೆಯನ್ನು ನೋಡಿದಳು.

“ಬಾಯಿ ಒಣಗಿದೆ,” ಅಂದಳು. “ಆ ನೀರು ಕೊಡೇ ಇಲ್ಲಿ.”

ಸೊಸೆ ಹೋಗಿ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ಮುದುಕಿ ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿದಳು, ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಮೇಲೆ ಮಾವ ಹಾಡುತ್ತಲೇ ಇದ್ದರು, ಬಯಲಲ್ಲಿ ಸರಿಯುವವರು ಯಾರೂ ಉಳಿಯದಿದ್ದರೂ. ಬರುಹಾಡನ್ನು ಅವರು ಹಾಡಲಿಲ್ಲ.